ದೊಡ್ಡಮ್ಮನ ಕ್ಯಾಲೆಂಡರ್ ಮತ್ತು ಸಸಿಹಿತ್ಲು ಅಲೆ

ನಮ್ಮ ದೊಡ್ಡಮ್ಮನ ಮನೆ ಮುಲ್ಕಿಯಲ್ಲಿ ಶಾಂಭವಿ ಹೊಳೆ ಬದಿಯಲ್ಲೇ, ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕಲಿಕ್ಕೆ ಹೋಗುವ ದಿನ ಅವರು ಅಡುಗೆಮನೆ ಗೋಡೆಯ ಕ್ಯಾಲೆಂಡರಲ್ಲಿ ತಿಥಿ ನೋಡಿ "ಇವತ್ತು ನೀರು ಚೆಂದ ಇಳೀತದೆ" ಅಂತ ಬುಟ್ಟಿ ಹಿಡ್ಕೊಂಡು ಹೊರಡ್ತಿದ್ರು. ನಾನು ಸರ್ಫಿಂಗ್ ಶುರು ಮಾಡಿದ ಮೇಲೆ ಗೊತ್ತಾಯ್ತು, ನಂಗೆ ಬೇಕಾದದ್ದೂ ಅದೇ ಲೆಕ್ಕ ಅಂತ.

ಒಂದ್ಸಲ ಹುಣ್ಣಿಮೆ ಮರುದಿನ ಆ್ಯಪಲ್ಲಿ ಅಲೆ ಒಳ್ಳೇದುಂಟು ಅಂತ ನೋಡಿ ಹತ್ತಿರದ ಸಸಿಹಿತ್ಲು ಕಡಲತೀರಕ್ಕೆ ಹೋದೆ, ಆಗ ಪೂರ್ತಿ ಇಳಿತ. ಅಲೆ ಉದ್ದಕ್ಕೂ ಒಟ್ಟಿಗೇ ಎದ್ದು ಧಡ್ ಅಂತ ಮರಳಿಗೇ ಬೀಳ್ತಿತ್ತು, ಬೋರ್ಡಿನ ಮೂತಿ ಮರಳಿಗೆ ಚುಚ್ಚಿ ನನ್ನ ಭುಜದ ಚರ್ಮ ಕಿತ್ತು ಹೋಯ್ತು. ಗಾಳಿಮರದ ಬುಡದಲ್ಲಿ ಕೂತು ಮೂರು ಗಂಟೆ ಕಾದೆ. ನೀರು ಏರಿದ ಮೇಲೆ ಅದೇ ಜಾಗದಲ್ಲಿ ಅಲೆ ಒಂದು ಬದಿಯಿಂದ ನಿಧಾನ ಮುರೀತಾ ಬಂತು, ಎಷ್ಟು ದೂರ ಬೇಕಾದ್ರೂ ಹೋಗ್ಬಹುದಿತ್ತು ಮಾರಾಯ್ರೆ.

ಕಾರಣ ಇಷ್ಟೇ, ಅಲೆ ಮುರಿಯುವುದು ಅದರ ಎತ್ತರದ ಸುಮಾರು 1.3 ಪಟ್ಟು ಆಳ ಇರುವಲ್ಲಿ, ಒಂದು ಮೀಟರಿನ ಅಲೆಗೆ 1.3 ಮೀಟರ್ ನೀರು ಅಂತ ಇಟ್ಕೊಳ್ಳಿ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರ್ ಏರಿಳಿತ ಉಂಟು, ನಮ್ಮಲ್ಲಿ ಜಾಸ್ತಿ ಅಂದ್ರೆ ಒಂದೂವರೆ ಮೀಟರಿನ ಆಸುಪಾಸು, ಆದ್ರೆ ಮರಳ ದಿಬ್ಬದ ಮೇಲೆ ನಿಂತಿರುವ ನೀರೇ ಅಷ್ಟು, ಹಾಗಾಗಿ ಅಲೆಯ ಸ್ವಭಾವವೇ ಬದಲಾಗ್ತದೆ.

ಚಂದ್ರ ತನ್ನ ಕಡೆಯ ನೀರನ್ನು ಭೂಮಿಗಿಂತ ಜಾಸ್ತಿ ಎಳೀತಾನೆ, ಆಚೆ ಬದಿಯದ್ದನ್ನು ಕಮ್ಮಿ, ಅದಕ್ಕೇ ಎರಡೂ ಕಡೆ ಉಬ್ಬುವುದು. ಭೂಮಿ ಒಂದು ಸುತ್ತು ಬರುವಾಗ ಚಂದ್ರನೂ ಸ್ವಲ್ಪ ಮುಂದೆ ಹೋಗಿರ್ತಾನೆ, ಅವನನ್ನು ಹಿಡೀಲಿಕ್ಕೆ ಇನ್ನೊಂದು 50 ನಿಮಿಷ ಬೇಕು, ಹಾಗಾಗಿ ಇವತ್ತು 7 ಗಂಟೆಗೆ ಬಂದ ಉಬ್ಬರ ನಾಳೆ 7:50ರ ಹತ್ತಿರ. ನೀರು ಉಬ್ಬಿಸುವುದರಲ್ಲಿ ಸೂರ್ಯನ ಪಾಲು ಚಂದ್ರನದ್ದರ ಅರ್ಧಕ್ಕಿಂತ ಕಮ್ಮಿ, ಆದ್ರೂ ಅಮಾವಾಸ್ಯೆ ಹುಣ್ಣಿಮೆಗೆ ಇಬ್ಬರೂ ಸೇರ್ತಾರೆ, ಏರುವುದೂ ಜಾಸ್ತಿ ಇಳಿಯುವುದೂ ಜಾಸ್ತಿ, ಅದರ ಜೋರು ಒಂದೆರಡು ದಿನ ಬಿಟ್ಟೇ ಕಾಣುವುದು. ನಮ್ಮ ಕಡೆ ದಿನದ ಎರಡು ಉಬ್ಬರವೂ ಸಮ ಇರುವುದಿಲ್ಲ, ಇದು ನೆನಪಿರಲಿ.

ಅಳಿವೆ ಹತ್ತಿರ ಮಾತ್ರ ದಯವಿಟ್ಟು ಜಾಗ್ರತೆ. ಶಾಂಭವಿ, ನಂದಿನಿ ಎರಡೂ ಹೊಳೆ ಒಟ್ಟಾಗಿ ಕಡಲಿಗೆ ಬೀಳುವ ಜಾಗ ಅದು, ಇಳಿತದ ನಡುವಿನ ಎರಡು ಗಂಟೆ ಸೆಳೆತ ಅತಿ ಜೋರು, ಈಜು ಎಷ್ಟೇ ಬಂದ್ರೂ ಹೊರಗೆ ಎಳ್ಕೊಂಡು ಹೋಗ್ತದೆ. ಮಳೆಗಾಲದಲ್ಲಿ ಹೊಳೆನೀರೂ ಸೇರಿ ಇನ್ನೂ ಕಷ್ಟ.

ನಾಡಿದ್ದು ಅಷ್ಟಮಿ, ನೀರು ಹೆಚ್ಚು ಏರುವುದೂ ಇಲ್ಲ ಇಳಿಯುವುದೂ ಇಲ್ಲ, ಬೆಳಿಗ್ಗೆಯಿಡೀ ಅಲೆ ಹೆಚ್ಚುಕಮ್ಮಿ ಒಂದೇ ಥರ ಇರ್ತದೆ. ತಂಗಿಗೆ ಮೊದಲ ಸಲ ಬೋರ್ಡ್ ಮೇಲೆ ನಿಲ್ಲಿಸ್ಲಿಕ್ಕೆ ಅದೇ ದಿನ ಇಟ್ಕೊಂಡಿದ್ದೇನೆ.