ಸಹಾಯ ಪುಟದ ಕೊನೆಯ ಎರಡು ಸಾಲು

ವಿಜಯಪುರ ಜಿಲ್ಲೆಯಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವ ನಮ್ಮ ಸಂಬಂಧಿಕರಿಗೆ ದಾಸ್ತಾನಿನ ಲೆಕ್ಕ ಇಡಲೆಂದು ಪೈಥಾನ್‌ನಲ್ಲಿ ಒಂದು ಸಣ್ಣ ಕಮಾಂಡ್ ಲೈನ್ ಸಾಧನ (ಆಜ್ಞೆಗಳನ್ನು ಟೈಪ್ ಮಾಡಿ ನಡೆಸುವ ಪ್ರೋಗ್ರಾಂ) ಬರೆದುಕೊಟ್ಟಿದ್ದೇನೆ. ಅದರಲ್ಲಿ ಈಗ ಒಂದೊಂದು ಕೆಲಸಕ್ಕೆ ಒಂದರಂತೆ ಹದಿನಾಲ್ಕು ಉಪಕಮಾಂಡುಗಳಿವೆ. ಕಳೆದ ತಿಂಗಳು ಅಲ್ಲಿ ಲೆಕ್ಕ ಬರೆಯುವ ಹುಡುಗ ಶೀತಲಗೃಹಕ್ಕೆ ಹೋದ ಪೆಟ್ಟಿಗೆಗಳಿಗೆ ‘ಸಾಗಿಸು’ ಎಂದು ಕೊಡುವ ಬದಲು ‘ತೆಗೆ’ ಎಂದು ಕೊಟ್ಟಿದ್ದರಿಂದ ಆ ಮಾಲು ಲೆಕ್ಕದಿಂದಲೇ ಮಾಯವಾಯಿತು. ಅವನು ‘ತೆಗೆ’ಯ ಸಹಾಯ ಪುಟವನ್ನು, ಅಂದರೆ ಆ ಕಮಾಂಡಿನ ಬಳಕೆ ವಿವರಿಸುವ ಪಠ್ಯವನ್ನು, ಓದಿಯೇ ಹಾಗೆ ಮಾಡಿದ್ದ. ಅದರ ಆಯ್ಕೆಗಳೆಲ್ಲ ಅಲ್ಲಿ ಸರಿಯಾಗಿಯೇ ಇದ್ದವು, ಆದರೆ ತನಗೆ ಬೇಕಾದದ್ದು ಬೇರೊಂದು ಕಮಾಂಡು ಎಂಬ ಸುಳಿವು ಮಾತ್ರ ಎಲ್ಲಿಯೂ ಇರಲಿಲ್ಲ. ತಪ್ಪು ನನ್ನದು.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟವರಿಗಾಗಿ ಕಟ್ಟಿದ ಈ ಊರಿನಲ್ಲಿ ವಿಳಾಸವೆಂದರೆ ಸೆಕ್ಟರ್ ಸಂಖ್ಯೆ. ಆದರೂ ದಾರಿ ಕೇಳಿದವರಿಗೆ ಯಾರೂ ಸಂಖ್ಯೆಯಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ‘ನೀವು ಮುಂದ ಬಂದೀರಿ, ಹಿಂದಿನ ಕ್ರಾಸಿನ್ಯಾಗ ಹೊಳ್ರಿ’ ಎನ್ನುತ್ತಾರೆ. ನನ್ನ ಸಹಾಯ ಪುಟ ಆಡಬೇಕಾಗಿದ್ದ ಮಾತು ಅದು.

ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಕೈಪಿಡಿಯ ಪುಟಗಳ ಕೊನೆಯ ಭಾಗದಲ್ಲಿ ‘ಸೀ ಆಲ್ಸೊ’ (ಇದನ್ನೂ ನೋಡಿ) ಎಂಬ ವಿಭಾಗ 1971ರ ಮೊದಲ ಆವೃತ್ತಿಯಿಂದಲೂ ಇದೆ. ಸಾಮಾನ್ಯವಾಗಿ ಅದು ಬರಿಯ ಹೆಸರುಗಳ ಸಾಲು. ಯಾವುದನ್ನು ಏಕೆ ನೋಡಬೇಕೆಂದು ಹೇಳುವುದಿಲ್ಲ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ಸಾಧನ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ರೀಸೆಟ್, ರಿಸ್ಟೋರ್, ರಿವರ್ಟ್ ಎಂಬ ಮೂರು ಕಮಾಂಡುಗಳ ಹೆಸರುಗಳು ಜನರನ್ನು ಗೊಂದಲಕ್ಕೆ ಕೆಡವುತ್ತವೆ ಎಂದು ಬಲ್ಲ ಅದರ ಕೈಪಿಡಿ, ಮುಖ್ಯ ಪುಟದಲ್ಲಿ ಆ ಮೂರಕ್ಕೇ ಒಂದು ವಿಭಾಗ ಮೀಸಲಿಟ್ಟು, ರೀಸೆಟ್‌ನ ಪುಟದಿಂದ ಓದುಗರನ್ನು ಅಲ್ಲಿಗೆ ಕಳಿಸುತ್ತದೆ. ಇವುಗಳಲ್ಲಿ ರಿಸ್ಟೋರ್ ಬಂದದ್ದು 2019ರ 2.23 ಆವೃತ್ತಿಯಲ್ಲಿ, ಸ್ವಿಚ್ ಎಂಬ ಇನ್ನೊಂದು ಕಮಾಂಡಿನ ಜೊತೆಗೆ. ಅಲ್ಲಿಯವರೆಗೆ ಚೆಕ್ಔಟ್ ಎಂಬ ಒಂದೇ ಕಮಾಂಡು ಬ್ರಾಂಚ್ (ಕೋಡಿನ ಕವಲು) ಬದಲಿಸುವುದನ್ನೂ ಫೈಲನ್ನು ಹಿಂದಿನ ಸ್ಥಿತಿಗೆ ತರುವುದನ್ನೂ ಹೊತ್ತುಕೊಂಡಿತ್ತು.

‘ಸಂಬಂಧಿತ’ ಎಂದರೆ ಹೆಸರಿನಲ್ಲೋ ಕೋಡಿನಲ್ಲೋ ಹತ್ತಿರವಿರುವುದು ಎಂದು ನಾನು ತಿಳಿದಿದ್ದೆ. ಈಗ ನನ್ನ ಲೆಕ್ಕವೇ ಬೇರೆ: ಈ ಪುಟಕ್ಕೆ ದಾರಿ ತಪ್ಪಿ ಬಂದವರು ನಿಜವಾಗಿ ಹುಡುಕುತ್ತಿದ್ದ ಕಮಾಂಡು ಮೊದಲು ಬರಬೇಕು, ಮಾಡಿದ್ದನ್ನು ಹಿಂದಕ್ಕೆ ತರುವ ಕಮಾಂಡು ಅದರ ನಂತರ. ಇಂಥದ್ದನ್ನು ಯಂತ್ರ ತಾನಾಗಿ ಊಹಿಸಲಾರದು. ಬಳಸುವವರ ಪಕ್ಕ ಕುಳಿತು ನೋಡಿದವರೇ ಕೈಯಿಂದ ಬರೆಯಬೇಕು. ಏಳೆಂಟು ಹೆಸರು ಕೊಟ್ಟರೆ ಯಾರೂ ಓದುವುದಿಲ್ಲವಾದ್ದರಿಂದ ಎರಡೇ ಸಾಲು ಎಂದು ನಿರ್ಧರಿಸಿದೆ.

ಕಮಾಂಡುಗಳನ್ನು ಓದಿ ಸಹಾಯ ಪುಟ ತಯಾರಿಸುವ ಪೈಥಾನ್‌ನ ಆರ್ಗ್‌ಪಾರ್ಸ್ ಲೈಬ್ರರಿಯಲ್ಲಿ ಇಂಥ ಸಾಲುಗಳಿಗೆಂದೇ ಜಾಗವಿಲ್ಲ. ಆದರೆ ಪ್ರತಿ ಉಪಕಮಾಂಡಿಗೂ ‘ಎಪಿಲಾಗ್’ ಕೊಡಬಹುದು, ಅದು ಸಹಾಯ ಪಠ್ಯದ ಕೊನೆಗೆ ಮುದ್ರಣವಾಗುತ್ತದೆ. ಪಠ್ಯವನ್ನು ಜೋಡಿಸುವ ಫಾರ್ಮ್ಯಾಟರ್ ಬದಲಿಸದಿದ್ದರೆ ನಾವು ಬಿಡಿಸಿ ಬರೆದ ಸಾಲುಗಳೆಲ್ಲ ಒಂದೇ ಪ್ಯಾರಾ ಆಗಿ ಕೂಡಿಕೊಳ್ಳುತ್ತವೆ. ಇದು ತಿಳಿಯಲು ನನಗೆ ಒಂದು ಸಂಜೆ ಹಿಡಿಯಿತು.

ಈಗ ‘ತೆಗೆ’ಯ ಪುಟ ಹೀಗೆ ಮುಗಿಯುತ್ತದೆ: ‘ಮಾಲು ಬೇರೆಡೆಗೆ ಹೋಗಿದ್ದರೆ ಸಾಗಿಸು ಬಳಸಿ. ತಪ್ಪಿ ತೆಗೆದಿದ್ದರೆ ಮರಳಿಸು ಬಳಸಿ.’ ಈ ಸಾಲುಗಳಲ್ಲಿ ಬರುವ ಪ್ರತಿಯೊಂದು ಹೆಸರೂ ನಿಜವಾಗಿ ಇದೆಯೇ ಎಂದು ನೋಡುವ ಒಂದು ಪರೀಕ್ಷೆಯನ್ನೂ ಬರೆದೆ. ಮೊದಲ ಸಲ ಓಡಿಸಿದಾಗಲೇ ಅದು ಕೆಂಪಾಯಿತು, ಅಂದರೆ ವಿಫಲವಾಯಿತು: ‘ಎಣಿಸು’ ಎಂಬ ಕಮಾಂಡನ್ನು ದೀಪಾವಳಿಯ ಹೊತ್ತಿಗೆ ನಾನೇ ‘ತಾಳೆನೋಡು’ ಎಂದು ಬದಲಿಸಿ ಮರೆತಿದ್ದೆ.