ಚಿಕ್ಕಪ್ಪನ ಆಫೀಸ್ ನೆಟ್‌ವರ್ಕ್: ಇಲ್ಲೀವರೆಗೆ ಆಗಿರೋದು

ತುಮಕೂರು ಮಂಡಿಪೇಟೆ ಹತ್ತಿರ ಚಿಕ್ಕಪ್ಪನ ಟ್ಯಾಕ್ಸ್ ಆಫೀಸ್ ಇದೆ. ಮೂರು ಚಿಕ್ಕ ರೂಮು, ಐದು ಕಂಪ್ಯೂಟರ್, ಒಂದು ಪ್ರಿಂಟರ್, 40 ಎಂಬಿಪಿಎಸ್ ಫೈಬರ್ ಲೈನ್. ಇಷ್ಟು ಜನಕ್ಕೆ 40 ಧಾರಾಳವಾಗಿ ಸಾಕು. ಆದರೂ 20ನೇ ತಾರೀಖು ಹತ್ತಿರ ಬಂದರೆ ಗಲಾಟೆ ಶುರು. ತಿಂಗಳ ಲೆಕ್ಕದವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್‌-3ಬಿ ಅನ್ನೋ ತೆರಿಗೆ ರಿಟರ್ನ್ ಹಾಕೋಕೆ ಅದೇ ಕೊನೆ ದಿನ. "ಸರ್, ಓಟಿಪಿ ಬಂತು, ಹಾಕೋಣ ಅಂದ್ರೆ ಪೇಜ್ ಸುತ್ತುತ್ತಾನೇ ಇದೆ" ಅನ್ನೋದು ದಿನಕ್ಕೆ ಹತ್ತು ಸಲ ಕೇಳಿಸುತ್ತೆ. ಚಿಕ್ಕಪ್ಪ 100 ಎಂಬಿಪಿಎಸ್ ಪ್ಲಾನ್‌ಗೆ ಹೋಗೋಣ ಅಂತಿದ್ದರು. ತಡೀರಿ, ಮೊದಲು ಇರೋದನ್ನ ಸರಿಯಾಗಿ ಹಂಚೋಣ ಅಂದೆ.

ಕೇಬಲ್

ಎಲ್ಲಾ ಕಂಪ್ಯೂಟರೂ ವೈಫೈ ಮೇಲೇ ಓಡುತ್ತಿದ್ದವು. ಸುತ್ತಲೂ ಅಂಗಡಿಗಳು, ಎಲ್ಲರದ್ದೂ ಒಂದೊಂದು ವೈಫೈ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಅಂದರೆ 1, 6, 11 ಅಷ್ಟೇ. ಮೂರೂ ಭರ್ತಿ. ಹಾಗಾಗಿ ಮೇಜಿನ ಮೇಲಿರೋ ಯಂತ್ರಗಳಿಗೆಲ್ಲ ಕ್ಯಾಟ್‌-6 ಕೇಬಲ್, ನಡುವೆ ಅವನ್ನೆಲ್ಲ ಸೇರಿಸೋ 8 ಪೋರ್ಟಿನ ಗಿಗಾಬಿಟ್ (1000 ಎಂಬಿಪಿಎಸ್) ಸ್ವಿಚ್. ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ ಕೇಬಲ್ ಅಗ್ಗಕ್ಕೆ ಸಿಗುತ್ತೆ. ನಾನಂತೂ ತರಲ್ಲ.

ಒಳಗಿನ ರೂಮಿಗೆ ಮಾತ್ರ ಯಾರೋ ಹಿಂದೆ ಎಳೆದಿದ್ದ ಕೇಬಲ್ ಗೋಡೆ ಪೈಪಿನಲ್ಲೇ ಇತ್ತು. ಹಾಕಿ ನೋಡಿದರೆ ಲಿಂಕ್ ವೇಗ 100 ಎಂಬಿಪಿಎಸ್‌ಗೇ ನಿಂತುಬಿಡ್ತು. 100ಕ್ಕೆ 1, 2, 3, 6ನೇ ಪಿನ್‌ಗಳ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಟೆಸ್ಟರ್‌ನಲ್ಲಿ 1, 2, 3 ಹತ್ತಿತು, 4 ಹತ್ತಲಿಲ್ಲ. ಜಾಕನ್ನು ಬೆಳಕಿಗೆ ಹಿಡಿದೆ. ಬ್ಲೂ ತಂತಿ ತುದಿ ಮುಟ್ಟಿರಲೇ ಇಲ್ಲ, ಕೂದಲೆಳೆಯಷ್ಟು ಹಿಂದೆ ನಿಂತಿತ್ತು. ಕತ್ತರಿಸಿ, ವೈಟ್-ಆರೆಂಜ್, ಆರೆಂಜ್, ವೈಟ್-ಗ್ರೀನ್, ಬ್ಲೂ, ವೈಟ್-ಬ್ಲೂ, ಗ್ರೀನ್, ವೈಟ್-ಬ್ರೌನ್, ಬ್ರೌನ್ ಅಂತ ಜೋಡಿಸಿ ಮತ್ತೆ ಕ್ರಿಂಪ್ ಮಾಡಿದೆ. ಎಂಟೂ ಹತ್ತಿದವು. ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಡೇಟಾ ಒಂದೇ ಕಂಪ್ಯೂಟರ್‌ನಲ್ಲಿದೆ, ಉಳಿದವರು ಅಲ್ಲಿಂದ ತೆಗೆಯುತ್ತಾರೆ. ಅದು ಈಗ ಚಕ್ ಅಂತ ತೆರೆಯುತ್ತೆ.

ರೂಟರ್

ಮನೇಲಿ ಸುಮ್ನೆ ಬಿದ್ದಿದ್ದ ರೂಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ಉಚಿತ ರೂಟರ್ ಸಾಫ್ಟ್‌ವೇರ್ ಹಾಕಿ ತಂದೆ. ಅದರ ವಿಳಾಸ 192.168.1.1, ಫೈಬರ್ ಡಬ್ಬಿಯದ್ದೂ ಅದೇ. ಎರಡೂ ಒಂದೇ ಆದರೆ ನೆಟ್ ಬರಲ್ಲ. ನಮ್ಮದನ್ನು 192.168.20.1 ಮಾಡಿದೆ. ಪ್ರಿಂಟರ್‌ಗೆ ಒಂದು ಖಾಯಂ ವಿಳಾಸ ಕೊಟ್ಟೆ.

ಅಸಲಿ ಕಳ್ಳ

ಇಷ್ಟಾದರೂ ಪೋರ್ಟಲ್ ಸುತ್ತೋದು ನಿಲ್ಲಲಿಲ್ಲ. ಪಿಂಗ್ ಬಿಟ್ಟು ಕೂತೆ, ಅಂದರೆ ಒಂದು ಪ್ಯಾಕೆಟ್ ಹೋಗಿ ಬರೋಕೆ ಎಷ್ಟು ಹೊತ್ತು ಅಂತ ಅಳೆಯೋದು. ಲೈನ್ ಖಾಲಿ ಇದ್ದಾಗ 10 ಮಿಲಿಸೆಕೆಂಡ್ ಆಸುಪಾಸು. ಮುಂದಿನ ಮೇಜಿನ ಕಂಪ್ಯೂಟರ್ ಸ್ಕ್ಯಾನ್ ಫೈಲ್‌ಗಳನ್ನು ಕ್ಲೌಡ್‌ಗೆ ಏರಿಸೋಕೆ ಶುರು ಮಾಡಿದ ತಕ್ಷಣ 400 ದಾಟಿತು! ಆ ಅಪ್‌ಲೋಡ್ ಫೈಬರ್ ಡಬ್ಬಿಯ ಬಫರ್ (ಪ್ಯಾಕೆಟ್‌ಗಳು ಸರದಿಗೆ ಕಾಯೋ ಜಾಗ) ಪೂರ್ತಿ ತುಂಬುತ್ತೆ. ಓಟಿಪಿ ಹೊತ್ತ ಚಿಕ್ಕ ಪ್ಯಾಕೆಟ್ ಹಿಂದೆ ಸಿಕ್ಕಿಕೊಳ್ಳುತ್ತೆ, ಮಂಡಿಪೇಟೆ ಗಲ್ಲಿಯಲ್ಲಿ ಲಾರಿ ಹಿಂದೆ ಸಿಕ್ಕಿಬಿದ್ದ ಸೈಕಲ್ ಹಾಗೆ. 100 ಎಂಬಿಪಿಎಸ್ ಪ್ಲಾನ್ ತಗೊಂಡರೂ ಬಫರ್ ತುಂಬೋದು ತಪ್ಪಲ್ಲ.

ರೂಟರ್‌ನಲ್ಲಿ ಎಸ್‌ಕ್ಯೂಎಂ ಅನ್ನೋ, ಪ್ಯಾಕೆಟ್ ಸಾಲು ನಿಭಾಯಿಸೋ ವ್ಯವಸ್ಥೆ ಹಾಕಿ, ಅದರಲ್ಲಿ ಕೇಕ್ ಅನ್ನೋ ಕ್ಯೂ ವಿಧಾನ ಆರಿಸಿ, ಮಿತಿಯನ್ನು ಎರಡೂ ಕಡೆಗೆ 36ಕ್ಕೆ ಕಟ್ಟಿದೆ. ಲೈನ್ ವೇಗಕ್ಕಿಂತ ಸ್ವಲ್ಪ ಕಡಿಮೆ ಇಟ್ಟರೇನೇ ಸಾಲು ನಮ್ಮ ರೂಟರ್‌ನಲ್ಲಿ ನಿಲ್ಲೋದು, ಆಗಲೇ ಯಾರನ್ನು ಮೊದಲು ಬಿಡಬೇಕು ಅಂತ ಅದು ನೋಡಿಕೊಳ್ಳೋಕೆ ಆಗೋದು. ಒಂದೊಂದು ಯಂತ್ರಕ್ಕೂ ಸಮಪಾಲು ಸಿಗೋ ಆಯ್ಕೆಯೂ ಕೇಕ್‌ನಲ್ಲಿದೆ, ಅದನ್ನೂ ಹಾಕಿದೆ.

"40ಕ್ಕೆ ದುಡ್ಡು ಕಟ್ಟಿ 36 ಬಳಸೋದಾ? ನಾಲ್ಕು ದಂಡ ಅಲ್ವೇನೋ?" ಅಂದರು ಚಿಕ್ಕಪ್ಪ. ಲೆಕ್ಕದ ಮನುಷ್ಯ, ಕೇಳಲೇಬೇಕು. ಅಪ್‌ಲೋಡ್ ನಡೀತಿರುವಾಗಲೇ ಅವರ ಕೈಯಲ್ಲೇ ಪೋರ್ಟಲ್ ತೆಗೆಸಿದೆ. ಪಿಂಗ್ 20ರ ಒಳಗೇ ಇತ್ತು. ಮತ್ತೆ ಆ ಮಾತು ಎತ್ತಲಿಲ್ಲ. 20ರ ಸಂಜೆ ಪೋರ್ಟಲ್ಲೇ ಏದುಸಿರು ಬಿಟ್ಟರೆ ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ, ಅದನ್ನೂ ಹೇಳಿಟ್ಟಿದ್ದೀನಿ.

ಬಾಕಿ

ತಿಪಟೂರಿಂದ ಬರೋ ಕೊಬ್ಬರಿ ವ್ಯಾಪಾರಿಗಳು ಕೂತ ತಕ್ಷಣ ವೈಫೈ ಪಾಸ್‌ವರ್ಡ್ ಕೇಳ್ತಾರೆ. ಅವರಿಗೆ ಬೇರೆ ಗೆಸ್ಟ್ ನೆಟ್‌ವರ್ಕ್ ಮಾಡಬೇಕು, ಟ್ಯಾಲಿ ಕಂಪ್ಯೂಟರ್ ಅಲ್ಲಿಂದ ಕಾಣಬಾರದು. ಕರೆಂಟ್ ಹೋದಾಗ ನೆಟ್ ನಿಲ್ಲದ ಹಾಗೆ ಒಂದು ಮಿನಿ ಯುಪಿಎಸ್ ಬೇಕು. ಫೈಬರ್ ಡಬ್ಬಿ, ರೂಟರ್ ಎರಡೂ 12 ವೋಲ್ಟ್, ಸ್ವಿಚ್ ಮಾತ್ರ 5. ಎರಡೂ ಕೊಡೋ ಯುಪಿಎಸ್ ಹುಡುಕ್ತಾ ಇದ್ದೀನಿ.