ಅಫರ್ವತ್‌ನಲ್ಲಿ ಸಿಕ್ಕಿದ ಸಕ್ಕರೆ

ಸ್ಕೀ ಮಾಡಲೆಂದು ಹೋಗಿ ಗುಲ್ಮಾರ್ಗ್‌ನಲ್ಲಿದ್ದ ಐದು ದಿನಗಳಲ್ಲಿ ನಾಲ್ಕು ಹಿಮ ಸುರಿಯುವುದನ್ನು ನೋಡುವುದರಲ್ಲೇ ಕಳೆದವು. ಐದನೆಯ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಗೊಂಡೋಲಾ, ಅಂದರೆ ಕೇಬಲ್ ಕಾರ್, ನಮ್ಮನ್ನು 3,900 ಮೀಟರಿಗೂ ಮೇಲೆ, ಅಫರ್ವತ್ ಬೆಟ್ಟದ ನೆತ್ತಿಯ ಹತ್ತಿರ ಇಳಿಸಿತು. ಐದು ಹಂತಗಳ ಹಿಮಕುಸಿತ ಸೂಚನೆಯಲ್ಲಿ ಅಂದು ಮೂರು. ಮೂರೆಂದರೆ ನಡುಮಟ್ಟ, ಚಿಂತೆಯಿಲ್ಲ ಎಂದುಕೊಂಡೆ. ಎಂಥ ದಡ್ಡ ಲೆಕ್ಕ!

ಹೊರಡುವ ಮೊದಲೇ ಮಾನ ಹೋಗಿತ್ತು. ಹಿಮದಲ್ಲಿ ಹೂತಿಟ್ಟ ಚೀಲವನ್ನು ಬೀಕನ್ (ಹಿಮದಡಿ ಹೂತವರ ಸಂಕೇತ ಹಿಡಿದು ದಿಕ್ಕು ತೋರುವ ಸಾಧನ) ಹಿಡಿದು ಹುಡುಕುವ ಅಭ್ಯಾಸದಲ್ಲಿ ಅದರ ಬಾಣ ಬುಗುರಿಯಂತೆ ತಿರುಗಿತು. ಒಂಬತ್ತು ನಿಮಿಷ ಪರದಾಡಿದ ಮೇಲೆ ತಿಳಿಯಿತು, ಬೀಕನ್ನನ್ನು ಕೆಡಿಸುತ್ತಿದ್ದ ಮೊಬೈಲ್ ನನ್ನ ಎದೆಯ ಜೇಬಿನಲ್ಲೇ ಇತ್ತು. ಹೂತವರು ಬದುಕುವ ಸಾಧ್ಯತೆ ಹದಿನೈದು ನಿಮಿಷಗಳಾಚೆ ಸರ್ರನೆ ಇಳಿಯುತ್ತದೆ. ಹುಡುಕುವಾಗ ಮೊಬೈಲನ್ನು ಕನಿಷ್ಠ 50 ಸೆಂಟಿಮೀಟರ್ ದೂರವಿಡಿ. ಆರಿಸಿಬಿಟ್ಟರೆ ಇನ್ನೂ ಒಳ್ಳೆಯದು.

ಇಳಿಜಾರಿನ ಅಂಚಿಗೆ ಹೋಗುವಷ್ಟರಲ್ಲಿ ಕಾಲಡಿ 'ಧುಮ್ಮ್' ಎಂದಿತು. ನೆಲವೇ ಉಸಿರು ಬಿಟ್ಟಂತಹ ಸದ್ದು. ಗೈಡ್ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿ, ಹಿಂದೆ ಸರಿಸಿ, ಸಮತಟ್ಟಾದ ಕಡೆ ಸಲಿಕೆಯಿಂದ ಹೊಂಡ ತೋಡಿದರು. ಮೇಲೆ ಗಾಳಿ ಒತ್ತಿ ಕೂಡಿಸಿದ ಹೊಸ ಹಿಮ, ಹಲಗೆಯಷ್ಟು ಗಟ್ಟಿ. ಅದರಡಿ ಕೈ ಹಾಕಿದರೆ ಹರಳು ಸಕ್ಕರೆ! ಉಂಡೆ ಕಟ್ಟಲು ಹೋದರೆ ಬೆರಳ ಸಂದಿಯಲ್ಲಿ ಸೋರಿತು. ಋತುವಿನ ಆರಂಭದಲ್ಲಿ ಹಿಮ ತೆಳ್ಳಗಿದ್ದು, ರಾತ್ರಿಗಳು ಕೊರೆದರೆ, ನೆಲದ ಬಿಸುಪಿನಿಂದ ಏರುವ ಆವಿ ಕಣಗಳನ್ನು ಹೀಗೆ ಒಂದಕ್ಕೊಂದು ಅಂಟದ ಹರಳಾಗಿಸುತ್ತದಂತೆ.

30 ಸೆಂಟಿಮೀಟರ್ ಅಗಲದ ಕಂಬ ಕೊರೆದು, ಸಲಿಕೆಯನ್ನು ಮೇಲಿಟ್ಟು ತಟ್ಟಿದರು. ಮಣಿಕಟ್ಟಿನಿಂದ ಹತ್ತು ಏಟು, ಮೊಣಕೈಯಿಂದ ಎರಡು. ಅಷ್ಟಕ್ಕೇ ಹಲಗೆಯ ತುಂಡು ಮೇಜಿನ ಖಾನೆಯಂತೆ ಮುಂದಕ್ಕೆ ಜಾರಿತು.

"ಇಳಿಜಾರು 35 ಡಿಗ್ರಿ ಇದೆ, ಹಿಮ ಕುಸಿಯಲು ಅಷ್ಟು ಸಾಕು. ವಾಪಸ್ ಹೋಗೋಣ," ಎಂದರು.

ಅಷ್ಟರಲ್ಲಿ ಬೇರೆ ತಂಡದ ಐವರು ಅದೇ ಇಳಿಜಾರಿನಲ್ಲಿ ಒಬ್ಬರ ಹಿಂದೊಬ್ಬರು ಇಳಿದು ಹೋದರು. ಏನೂ ಆಗಲಿಲ್ಲ. ನನಗೆ ಹೊಟ್ಟೆ ಉರಿಯಿತು.

"ನೋಡಿದಿರಾ, ನಿಂತೇ ಇದೆಯಲ್ಲ?" ಎಂದೆ.

"ಅವರೆಲ್ಲ ಹಲಗೆ ದಪ್ಪವಿರುವ ಕಡೆ ಹೋದರು ಸರ್. ಅಲ್ಲಿ ಭಾರ ಕೆಳಗಿನ ಪದರಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಆ ಕಪ್ಪು ಬಂಡೆಯ ಸುತ್ತ ತೆಳ್ಳಗಿದೆ. ಆರನೆಯವನು ಅಲ್ಲಿ ತಿರುಗಿದರೆ?"

ಬಂದ ದಾರಿಯಲ್ಲೇ ಹಿಂತಿರುಗಿ, 25 ಡಿಗ್ರಿಗಿಂತ ಕಡಿಮೆಯಿದ್ದ ಒಂದು ಸಪ್ಪೆ ಇಳಿಜಾರಿನಲ್ಲಿ ಕೆಳಗಿಳಿದೆವು. ಸ್ಕೀ ಸರಿಯಾಗಿ ಜಾರಲೂ ಇಲ್ಲ. ಕೆಳಗೆ ತಲಪುವವರೆಗೂ ನಾನು ಆ ಬಂಡೆಯನ್ನೇ ತಿರುಗಿ ತಿರುಗಿ ನೋಡುತ್ತಿದ್ದೆ.